ಕಟ್ಟೆಯ ಹುಳಪಂಡಿತ

ಕಡಿದ ಹುಳ ಯಾವುದೆಂದು ಹೇಳಲು ಹುಳವನ್ನು ನೋಡಲೇಬೇಕು ಅನ್ನುವುದು ಓದಿದವರ ಭ್ರಮೆ. ಹುಲಗೂರಿನ ಕಟ್ಟೆಯ ಮೇಲೆ ಕೂಡುವ ಕಾಕಾನಿಗೆ ಕಡಿಸಿಕೊಂಡವರ ಚೀರಾಟ ಸಾಕು. ‘ಹಾಯ್’ ಅಂದರೆ ಕೆಂಪಿರಿವಿ, ‘ಯವ್ವಾ’ ಅಂದರೆ ಗೊದ್ದ, ಮನೆದೇವರನ್ನು ಕರೆದರೆ ಚೇಳು. ಶಿಗ್ಗಾವಿ ತಾಲ್ಲೂಕಿನ ಯಾವ ಊರಿಗೆ ಹೋದರೂ ಇಂಥ ಒಬ್ಬ ಕಾಕಾ ಸಿಕ್ಕಾನು. ಆದರೆ ಹಜರೇಶಾ ಖಾದ್ರಿಯವರ ದರ್ಗಾಕ್ಕೆ ಬಂದ ಪರವೂರಿನವರು ಸುಮ್ಮನೆ ಕಾಲು ಕೆರೆದುಕೊಂಡರೂ ಎದ್ದು ಹೋಗಿ ಹುಳದ ಹೆಸರು ಹೇಳಿ ಬರುವವನು ಇವನೊಬ್ಬನೇ.

ಸಲಕರಣೆ ಎರಡು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಮತ್ತೆ ಸುಣ್ಣದ ಡಬ್ಬಿ. ಸವಣೂರಿನ ಎಲೆಗೆ ಹಚ್ಚಿ ಉಳಿದ ಸುಣ್ಣವೆಲ್ಲ ಊರವರ ಚರ್ಮಕ್ಕೆ.

ಒಮ್ಮೆ ಮಳೆ ಬಿದ್ದ ಮೇಲೆ ಗೋವಿನಜೋಳದ ಹೊಲದ ಬದುವಿನಲ್ಲಿ ಇರುವೆಯೊಂದು ಒಂಟಿಯಾಗಿ ಓಡಾಡುತ್ತಿತ್ತು. ಮೈಗೆ ಕೆಂಪು ಮಕಮಲ್ಲು, ಹಿಂಬದಿಯ ಕಪ್ಪಿನ ಮೇಲೆ ಬಿಳಿ ಬೊಟ್ಟು. ಚಂದ ಕಂಡಿತೆಂದು ಹುಡುಗನೊಬ್ಬ ಎತ್ತಿಕೊಂಡ. ಅವನು ಚೀರಿದ್ದು ಕಾಕಾನ ಪಟ್ಟಿಯಲ್ಲಿ ಇಲ್ಲದ ರಾಗ. ಹುಳವನ್ನು ಡಬ್ಬಿಯಲ್ಲಿ ಹಾಕಿ ತಂದರು. ಕಾಕಾ ಕಡ್ಡಿಯಿಂದ ಒತ್ತಿದ. ಅದು ಕಿರ್ರ್ ಎಂದಿತು.

‘ರಾಣಿ ಇರಿವಿ. ಸಿಟ್ಟಿಲೆ ಮಾತಾಡತೈತಿ ನೋಡ್ರಿ.’

ಹಾವೇರಿಯಲ್ಲಿ ಬಿ.ಎಸ್ಸಿ. ಓದುವ ಹುಡುಗಿ ಬಿಡಲಿಲ್ಲ. ಇರುವೆಯಾದರೆ ಮೀಸೆ ಮೊಣಕೈಯಂತೆ ಮಡಚಿರಬೇಕು, ನಡುವಿನಲ್ಲಿ ಗಂಟು ಎದ್ದು ಕಾಣಬೇಕು. ಇದು ಕಡಜದ ಜಾತಿ. ಹೆಣ್ಣಿಗೆ ರೆಕ್ಕೆಯಿಲ್ಲ, ಮುಳ್ಳುಂಟು. ಗಂಡಿಗೆ ರೆಕ್ಕೆಯುಂಟು, ಮುಳ್ಳಿಲ್ಲ. ಬೇರೆ ಕಡಜ, ಜೇನುಗಳ ಗೂಡಿಗೆ ನುಗ್ಗಿ ಮೊಟ್ಟೆಯಿಡುತ್ತದೆ, ಇದರ ಮರಿ ಅವುಗಳ ಮರಿಯನ್ನೇ ತಿಂದು ಬೆಳೆಯುತ್ತದೆ ಅಂದಳು.

‘ನಾ ಹೇಳಿದ್ದೂ ಅದನ್ನ. ಕಡಜದ ಮನ್ಯಾಗ ಬೆಳದ ಇರಿವಿ.’

ಅರ್ಧ ನಿಜವೇ! ಕಾಕಾ ಗೆಲ್ಲುವುದು ಇಂಥಲ್ಲಿ. ಅಮೆರಿಕದಲ್ಲಿ ಇದರ ಬಳಗದ ಒಂದಕ್ಕೆ ‘ಆಕಳು ಕೊಲ್ಲುವ ಇರುವೆ’ ಎಂಬ ಹೆಸರಿದೆ, ಅದು ಬರೀ ಹೆಸರು, ಆಕಳು ಸಾಯುವಷ್ಟು ನಂಜು ಅದರಲ್ಲಿಲ್ಲ ಎಂದೂ ಹುಡುಗಿ ಹೇಳಿದಳು. ಮೊದಲ ಅರ್ಧ ಸಂಜೆಯೊಳಗೆ ಎಲ್ಲ ಕೊಟ್ಟಿಗೆಗಳಿಗೂ ಮುಟ್ಟಿತು.

ಕಾಕಾ ಸೋಲುವುದು ಚೀರಿಸದ ಹುಳದೆದುರು. ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಬರುವ, ಕಪ್ಪು-ಕಿತ್ತಳೆ ಬಣ್ಣದ, ಇರುವೆಯಂತೆಯೇ ಕಾಣುವ ಸಣ್ಣ ಜೀರುಂಡೆ ಕಚ್ಚುವುದಿಲ್ಲ, ಚುಚ್ಚುವುದೂ ಇಲ್ಲ. ಮೈಮೇಲೆ ಕೂತಾಗ ಒರೆಸಿ ಅರೆದರೆ ಮಾತ್ರ ಒಳಗಿನ ನಂಜು ಚರ್ಮಕ್ಕೆ ಮೆತ್ತಿಕೊಳ್ಳುತ್ತದೆ. ಉರಿಗುಳ್ಳೆ ಏಳುವುದು ಮರುದಿನವೋ ಅದರ ಮರುದಿನವೋ. ಊದಿ ಹಾರಿಸಬೇಕು, ಅರೆದುಹೋದರೆ ತಡಮಾಡದೆ ಸೋಪು ಹಚ್ಚಿ ತೊಳೆಯಬೇಕು. ಕುತ್ತಿಗೆಯ ಮೇಲೆ ಬರೆ ಎದ್ದು ಬಂದವನಿಗೆ ಕಾಕಾನ ತೀರ್ಪು: ‘ಜ್ಯಾಡ ಉಚ್ಚಿ ಹೊಯ್ದೈತಿ.’ ಸುಣ್ಣದ ಡಬ್ಬಿ ತೆರೆಯುವಷ್ಟರಲ್ಲಿ ಹುಡುಗಿ ರೋಗಿಯನ್ನೇ ಎಳೆದುಕೊಂಡು ಹೋದಳು.

ನಿಜವಾದ ಜೇಡ ಸಿಕ್ಕಿದ್ದು ಮೊನ್ನೆ, ಕಟ್ಟೆಯ ಬೇವಿನ ಬೊಡ್ಡೆಯ ಮೇಲೆ. ಮುಂದಿನ ಎರಡು ಕಾಲು ಎತ್ತಿ ಇರುವೆಯ ಮೀಸೆಯ ಹಾಗೆ ಆಡಿಸುತ್ತ, ಇರುವೆಗೆ ಅಂಜುವವರನ್ನೆಲ್ಲ ಅಂಜಿಸಿ ಬದುಕುವ ಜಾತಿ ಅದು. ಕಡಿಸಿಕೊಂಡಿದ್ದ ಅದೇ ಹುಡುಗ ಈ ಸಲ ಮುಟ್ಟಲಿಲ್ಲ, ಬಗ್ಗಿ ಎಣಿಸಿದ.

‘ಕಾಕಾ, ಎಂಟು ಕಾಲದಾವು. ಇರಿವಿ ಅಲ್ಲ ಇದು.’

ಕಾಕಾ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ.

‘ಆರು ಕಾಲು, ಎರಡು ಕೈ. ಮೊದಲ ಎಣಸೂದು ಕಲಿಯಲೇ.’