ತಿಮರೆ ಎಂಬ ತಲೆಬಿಸಿ

ಮುಂಬಯಿಯ ಮೇ ತಿಂಗಳ ಸೆಕೆಗೆ ನಮ್ಮ ಮನೆಯಲ್ಲಿ ಎರಡೇ ಮದ್ದು: ಒಂದು ಎಸಿ, ಇನ್ನೊಂದು ತಂಬುಳಿ. ಎಸಿಯ ರಿಮೋಟು ಹೆಂಡತಿಯ ಕೈಯಲ್ಲಿರುವುದರಿಂದ ನಾನು ತಂಬುಳಿಯ ಪಕ್ಷ ಸೇರಿದೆ. ತಂಬುಳಿ ಅಂದರೆ ಒಂದೆಲಗದ್ದು, ತುಳುವಿನಲ್ಲಿ ನಾವು ತಿಮರೆ ಅನ್ನುವುದು. ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ಚೂರು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ನುಣ್ಣಗೆ ಅರೆದು, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಆಯಿತು. ಕುದಿಸುವ ಹಾಗಿಲ್ಲ. ಚಹಾ ಮಾಡಲೂ ಬಾರದ ನಾನು ಇದರ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ.

"ಭಾಷಣ ಸಾಕು, ಸೊಪ್ಪು ತನ್ನಿ" ಅಂದಳು.

ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ, ಎಲ್ಲ ತಿಳಿದವನ ಗತ್ತಿನಲ್ಲಿ "ಬ್ರಾಹ್ಮಿ ಕೊಡಿ" ಎಂದೆ. ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತಾರೆ, ಕೆಸರಲ್ಲಿ ಹಬ್ಬುವ ನೀರುಬ್ರಾಹ್ಮಿಗೂ ಬ್ರಾಹ್ಮಿ ಅನ್ನುತ್ತಾರೆ. ನನ್ನ ಚೀಲಕ್ಕೆ ಬಿದ್ದದ್ದು ಎರಡನೆಯದು. ದಪ್ಪ ಪುಟ್ಟೆಲೆ, ಘನಘೋರ ಕಹಿ. ಮಗಳು ಒಂದು ತುತ್ತು ಬಾಯಿಗಿಟ್ಟು, "ಅಪ್ಪಾ, ನಾನೇನು ತಪ್ಪು ಮಾಡಿದೆ?" ಎಂದು ಕೇಳಿದಳು.

ಮುಂದಿನ ಸಲ ಊರಿಗೆ ಹೋದಾಗ ಬಾವಿಕಟ್ಟೆಯ ಬದಿಯಿಂದ ನಾನೇ ಕಿತ್ತೆ. ಗಂಟುಗಂಟಿಗೂ ಬೇರು ಬಿಟ್ಟು, ದುಂಡನೆಯ ಎಲೆ ಎತ್ತಿ ನೆಲಕ್ಕಂಟಿ ಓಡುವ ಬಳ್ಳಿ ಅದು. ಅಲ್ಲಿ ದನವೂ ತುಳಿಯುತ್ತದೆ, ನಾವೂ ತುಳಿಯುತ್ತೇವೆ. "ಇದನ್ನೂ ರೈಲಿನಲ್ಲಿ ಹೊರುತ್ತೀಯಾ?" ಎಂದು ಅಮ್ಮ ನಕ್ಕರು. ಒದ್ದೆ ಪೇಪರಿನಲ್ಲಿ ಸುತ್ತಿ, ಮತ್ಸ್ಯಗಂಧ ರೈಲು ಹತ್ತಿ, ಮೇಲಿನ ಬರ್ತಿನಲ್ಲಿ ತಲೆದೆಸೆಗೆ ಇಟ್ಟು ಮಲಗಿದೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ನಾವು ಕರಾವಳಿಯವರು ಊರಿನಿಂದ ಏನೇನು ಹೊತ್ತು ತಂದಿಲ್ಲ! ಆದರೆ ಅವು ಯಾವುವೂ ಸೋರುತ್ತಿರಲಿಲ್ಲ. ನನ್ನ ತಿಮರೆ ರತ್ನಾಗಿರಿ ದಾಟುವವರೆಗೂ ನಡುಬರ್ತಿನ ಹಿರಿಯರ ಬೋಳು ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. "ತಲೆಗೆ ತಂಪು ಸಾರ್" ಎಂದು ಸಮಾಧಾನ ಹೇಳಲು ಹೋದೆ. ಅವರು ಬೈದದ್ದು ಅಚ್ಚ ತುಳುವಿನಲ್ಲಿ, ಹಾಗಾಗಿ ಒಂದಕ್ಷರವೂ ಬಿಡದೆ ಅರ್ಥವಾಯಿತು.

ಮುಲುಂಡಿನ ನಮ್ಮ ಬಾಲ್ಕನಿಯಲ್ಲಿ ಅದಕ್ಕೆ ಕುಂಡ, ಕುಂಡದ ಕೆಳಗೆ ತಟ್ಟೆ. ತಿಮರೆಗೆ ನೀರು ಬೇಕು, ನಾನು ತಟ್ಟೆ ತುಂಬಿಸಿಟ್ಟೆ. ಮಳೆಗಾಲ ಬಂತು, ಡೆಂಗಿ ಸೊಳ್ಳೆ ಹುಡುಕುವವರೂ ಬಂದರು. ಟಾರ್ಚ್ ಬಿಟ್ಟರೆ ತಟ್ಟೆಯಲ್ಲಿ ಮರಿಗಳು ತಕಪಕ ಕುಣಿಯುತ್ತಿವೆ! ಅಂದಿನಿಂದ ಸೊಸೈಟಿಯ ಮೀಟಿಂಗಿನಲ್ಲಿ ನನಗೆ ಹೆಸರಿಲ್ಲ, "ಸೊಳ್ಳೆ ಸಾಕುವವರು" ಎಂದರೆ ಸಾಕು.

ಹೋದ ಮಾನ ಮರಳಿ ಸಿಕ್ಕಿದ್ದು ಮಗಳ ಕ್ರೀಮಿನಿಂದ. ಮುಖಕ್ಕೆ ಹಚ್ಚುವ ಆ ಕೊರಿಯನ್ ಟ್ಯೂಬಿನ ಮೇಲೆ ನಮ್ಮ ಬಾವಿಕಟ್ಟೆಯ ಎಲೆಯದೇ ಚಿತ್ರ! ಬೆಲೆ ನೋಡಿ ಕುಂಡಕ್ಕೊಂದು ನಮಸ್ಕಾರ ಹಾಕಿದೆ. ಮರುದಿನದಿಂದ ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ ಪಾಠ: ಚೀನೀ ವೈದ್ಯದಲ್ಲಿ ಇದು ಮೈಯ ಉಷ್ಣ ಇಳಿಸುವ ಶೀತಗುಣದ ಸೊಪ್ಪು, ಹೆಸರು ಜಿ ಶ್ವೆ ತ್ಸಾವ್, ವಿಯೆಟ್ನಾಮಿನಲ್ಲಿ ಶರಬತ್ತು ಮಾಡಿ ಕುಡಿಯುತ್ತಾರೆ, ಶ್ರೀಲಂಕಾದಲ್ಲಿ ಬೆಳಗ್ಗೆ ಗಂಜಿಗೆ ಹಾಕುತ್ತಾರೆ.

ದೊಡ್ಡಸ್ತಿಕೆಗೆ ತಕ್ಕ ಫಲ ಸಿಕ್ಕಿತು. ಎದುರು ಮನೆಯ ಕಾಕೂ ಕೂದಲೆಣ್ಣೆಗೆಂದು ಬಟ್ಟಲು ಹಿಡಿದು ಬಂದರು. ಮೇಲಿನ ಮಹಡಿಯ ಅಜ್ಜ ನೆನಪಿನ ಶಕ್ತಿಗೆಂದು ಬಂದರು, ಕೊಂಡುಹೋದದ್ದು ಮರೆತು ಸಂಜೆ ಮತ್ತೆ ಬಂದರು. ಸೆಕ್ರೆಟರಿ ನೋಟಿಸ್ ಕೊಡಲು ಬಂದವರೂ ಒಂದು ಹಿಡಿ ಕಿತ್ತುಕೊಂಡೇ ಹೋದರು.

ಉಳಿದ ಎಲೆಯಲ್ಲಿ ಕೊನೆಗೂ ತಂಬುಳಿಯಾಯಿತು. ತಂಪು ಹೆಚ್ಚಾಗಿ ನನಗೆ ನೆಗಡಿ. ಹೆಂಡತಿಗೆ ಮಾತ್ರ ಭರ್ಜರಿ ಗುಣ: ಮದುವೆಯಾದ ವರ್ಷ ಚೌತಿಯ ದಿನ ನನ್ನ ಅಕ್ಕ ಅಂದ ಮಾತು, ಅದಕ್ಕೆ ನಾನು ಬಾಯಿಬಿಡದೆ ಕೂತದ್ದು, ಆಗ ನಾನು ತಿನ್ನುತ್ತಿದ್ದ ಮೋದಕ, ಎಲ್ಲವೂ ನೆನಪಿಗೆ ಬಂತು.

ಈಗ ಕುಂಡದಲ್ಲಿ ಮಣ್ಣು ಬಿಟ್ಟು ಬೇರೇನಿಲ್ಲ. ಊರಿನಿಂದ ಹೊರಟ ಪುಣ್ಯಾತ್ಮರು ಯಾರಾದರೂ ಇದ್ದರೆ ಒಂದು ಬಳ್ಳಿ ತನ್ನಿ ಮಾರಾಯ್ರೇ. ಥಾಣೆ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಮೇಲಿನ ಬರ್ತಿನಲ್ಲಿ ಮಾತ್ರ ಇಡಬೇಡಿ.