ಗಂಡೋ ಹೆಣ್ಣೋ, ಕೇಳಬ್ಯಾಡ್ರಿ

ನಮ್ಮ ಕಡೆ ಬಸುರಿಯ ಹೊಟ್ಟೆ ಸಾರ್ವಜನಿಕ ಆಸ್ತಿ. ಬನಹಟ್ಟಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವರೂ ಕೈ ನಿಲ್ಲಿಸಿ, ತಿರುಗಿ ನೋಡಿ, ಯಾರೂ ಕೇಳದಿದ್ದರೂ ತೀರ್ಪು ಕೊಟ್ಟುಬಿಡುತ್ತಾರೆ. ಹೊಟ್ಟೆ ಮುಂದೆ ಚೂಪಾಗಿದ್ದರೆ ಗಂಡು, ಸುತ್ತಲೂ ಹರಡಿದ್ದರೆ ಹೆಣ್ಣು. ಮೆಟ್ಟಿಲು ಹತ್ತುವಾಗ ಬಲಗಾಲು ಮುಂದಾದರೆ ಒಂದು, ಎಡಗಾಲು ಮುಂದಾದರೆ ಇನ್ನೊಂದು. ನಮ್ಮವ್ವ ಈ ಶಾಸ್ತ್ರದಲ್ಲಿ ದೊಡ್ಡ ಪಂಡಿತೆ. ಹುಳಿ ಬಯಸಿದರೆ ಗಂಡು ಎಂಬುದು ಅವಳ ಸಿದ್ಧಾಂತ. ಬೀಳಗಿಯ ನಮ್ಮ ಬೀಗತಿಯದು ಬೇರೆ ಪಂಥ, ಹುಳಿ ಬಯಸಿದರೆ ಹೆಣ್ಣು ಅನ್ನುತ್ತಾರೆ. ಬಸುರಿಯಾದ ಮಗಳು ಇಬ್ಬರ ಮುಂದೆಯೂ ಹುಣಸೆಹಣ್ಣು ಚೀಪಿ, ಇಬ್ಬರನ್ನೂ ಗೆಲ್ಲಿಸಿ ಕೂತಿದ್ದಾಳೆ.

ಐದನೆಯ ತಿಂಗಳಿಗೆ ಡಾಕ್ಟರು ಸ್ಕ್ಯಾನಿಂಗ್ ಬರೆದುಕೊಟ್ಟರು. 18ರಿಂದ 22 ವಾರದೊಳಗೆ ಇದನ್ನು ಮಾಡಿಸುತ್ತಾರೆ. ಮಿದುಳು, ಬೆನ್ನೆಲುಬು, ಹೃದಯದ ನಾಲ್ಕು ಕೋಣೆ, ಕಿಡ್ನಿ, ಕೈಕಾಲು ಎಲ್ಲ ನೆಟ್ಟಗಿವೆಯೇ, ಮಾಸು ಎಲ್ಲಿ ಕೂತಿದೆ, ಕೂಸಿನ ಸುತ್ತ ನೀರು ಸಾಕಷ್ಟಿದೆಯೇ ಎಂದು ನೋಡುವುದು ಅದರ ಕೆಲಸ. ಜಮಖಂಡಿಗೆ ಹೊರಟೆವು. ಜೊತೆಗಿರಲಿ ಎಂಬ ನೆಪದಲ್ಲಿ ಅವ್ವನೂ ಚೀಲ ಹಿಡಿದು ಗಾಡಿ ಹತ್ತಿದಳು.

ಜಮಖಂಡಿ, ಮುಧೋಳ, ರಬಕವಿ, ಎಲ್ಲಿಗೇ ಹೋಗಿ, ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಾಕ್ಟರ ಹೆಸರಿಗಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಬೋರ್ಡು: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. ಬೇರೆ ಅಂಗಡಿಗಳೆಲ್ಲ ತಮ್ಮಲ್ಲಿ ಏನು ಸಿಗುತ್ತದೆ ಎಂದು ಬರೆದುಕೊಳ್ಳುತ್ತವೆ. ಸಿಗದ್ದನ್ನು ಇಷ್ಟು ದಪ್ಪ ಅಕ್ಷರದಲ್ಲಿ ಬರೆಯುವುದು ಇಲ್ಲಿ ಮಾತ್ರ. ಒಳಗೆ ಹೋದರೆ ಎಫ್ ನಮೂನೆ. ಗಂಡನ ಹೆಸರು, ವಿಳಾಸ, ಇರುವ ಮಕ್ಕಳೆಷ್ಟು, ಅವರಲ್ಲಿ ಗಂಡೆಷ್ಟು, ಹೆಣ್ಣೆಷ್ಟು ಎಲ್ಲ ಬರೆಸಿಕೊಂಡು, ಕಡೆಗೆ ಬಸುರಿಯಿಂದ ಒಂದು ಘೋಷಣೆಗೆ ಸಹಿ ಹಾಕಿಸುತ್ತಾರೆ: ನನ್ನ ಹೊಟ್ಟೆಯಲ್ಲಿರುವ ಕೂಸು ಗಂಡೋ ಹೆಣ್ಣೋ ತಿಳಿಯುವ ಇಚ್ಛೆ ನನಗಿಲ್ಲ. ನಾನು ಪತ್ತೆ ಮಾಡಿಲ್ಲ, ಯಾರಿಗೂ ಹೇಳಿಲ್ಲ ಎಂದು ಡಾಕ್ಟರೂ ಬರೆದುಕೊಡಬೇಕು. ಹೀಗೆ ಇಚ್ಛೆಯಿಲ್ಲದವಳೊಬ್ಬಳು, ಹೇಳದವರೊಬ್ಬರು ಬಾಗಿಲು ಹಾಕಿಕೊಂಡರು. ಇಚ್ಛೆಯೆಲ್ಲ ಬಾಳೆಹಣ್ಣು ಸೇಬಿನ ಸಮೇತ ಅವ್ವನ ಚೀಲದಲ್ಲಿತ್ತು.

ಬಾಗಿಲು ಹಾಕುವ ಮೊದಲೇ ಅವ್ವನೂ ಒಳಗೆ ನುಸುಳಿದ್ದಳು. ಅಲ್ಲಿ ನಡೆದದ್ದನ್ನು ಆಮೇಲೆ ಮಗಳು ಹೇಳಿದಳು. ಅವ್ವ ಎರಡೂ ಹಣ್ಣು ಮುಂದೆ ಹಿಡಿದು, “ಯವ್ವಾ ಡಾಕ್ಟರಬಾಯಿ, ನೀ ಬಾಯಿ ಬಿಟ್ಟು ಏನೂ ಹೇಳಬ್ಯಾಡ. ಇದರಾಗ ನಿನಗ ಯಾವದು ಬೇಕೋ ಒಂದು ತಗೋ, ಸಾಕು,” ಅಂದಳಂತೆ. ಇಂಥ ಅಜ್ಜಿಯರನ್ನು ದಿನಾ ನೋಡುವ ಡಾಕ್ಟರು ಯಂತ್ರದಿಂದ ಕಣ್ಣು ತೆಗೆಯದೆ, “ಅಜ್ಜೀ, ನನಗ ಶುಗರ್ ಐತಿ, ಎರಡೂ ಒಲ್ಲೆ,” ಅಂದರಂತೆ. ಆಮೇಲೆ ಕೂಸಿನ ಎದೆಬಡಿತ ಕೇಳಿಸಿದರು. ಹೊಟ್ಟೆಯಲ್ಲಿನ ಕೂಸಿನ ಹೃದಯ ನಿಮಿಷಕ್ಕೆ 120ರಿಂದ 160 ಸಲ ಬಡಿಯುತ್ತದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, “ನಮ್ಮ ಓಣ್ಯಾಗ ಮಗ್ಗ ನಡದಂಗ ಐತಲ್ಲ,” ಅಂದಳು. ಬನಹಟ್ಟಿಯವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಹಣ್ಣಿನ ಉಪಾಯ ಅವ್ವನ ಸ್ವಂತದ್ದೇನಲ್ಲ. ಪೇಡೆ ತರಿಸಿ ಅಂದರೆ ಇಂಥದ್ದು, ಜಿಲೇಬಿ ತರಿಸಿ ಅಂದರೆ ಇಂಥದ್ದು ಎಂಬ ಗುಟ್ಟಿನ ಭಾಷೆಯ ಕತೆಗಳು ದೇಶದ ತುಂಬ ಇವೆ. ಅದಕ್ಕೇ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ, ಮಾತಿನಿಂದಾಗಲಿ ಸನ್ನೆಯಿಂದಾಗಲಿ ಬೇರಾವ ರೀತಿಯಿಂದಾಗಲಿ ತಿಳಿಸಕೂಡದು ಎಂದು ಎಲ್ಲ ಬಾಗಿಲನ್ನೂ ಮುಚ್ಚಿದೆ. ಕೇಳಿದವರಿಗೂ 3 ವರ್ಷದವರೆಗೆ ಜೈಲು, 50 ಸಾವಿರ ರೂಪಾಯಿಯವರೆಗೆ ದಂಡ ಉಂಟು. ಇನ್ನೊಂದು ಕಲಮು ನನಗೆ ಬಹಳ ಹಿಡಿಸಿತು. ಬಸುರಿ ಲಿಂಗಪತ್ತೆ ಮಾಡಿಸಿಕೊಂಡಿದ್ದರೆ, ಗಂಡನೋ ಮನೆಯವರೋ ಒತ್ತಾಯ ಮಾಡಿದ್ದಾರೆಂದೇ ಕೋರ್ಟು ಮೊದಲು ತಿಳಿಯಬೇಕಂತೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ಮನೆಯವರದು. ಇದನ್ನು ಬರೆದವರ ಮನೆಯಲ್ಲೂ ಹಣ್ಣಿನ ಚೀಲದ ಅಜ್ಜಿಯೊಬ್ಬಳು ಇದ್ದಿರಬೇಕು.

ಬೇರೆ ಹಲವು ದೇಶಗಳಲ್ಲಿ ಡಾಕ್ಟರೇ ಹೇಳುತ್ತಾರೆ. ಅಮೆರಿಕದಲ್ಲಂತೂ ಅದಕ್ಕೊಂದು ಹಬ್ಬ: ಕೇಕು ಕೊಯ್ದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಹೆಣ್ಣು, ನೀಲಿಯಿದ್ದರೆ ಗಂಡು. 2020ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕುಟುಂಬ ಇದನ್ನೇ ಬಣ್ಣದ ಹೊಗೆ ಬಿಟ್ಟು ಸಾರಲು ಹೋಗಿ ಕಾಡಿಗೆ ಬೆಂಕಿ ಬಿತ್ತು, ಆರಿಸಲು ಹೋದವನೊಬ್ಬ ಜೀವ ಕಳಕೊಂಡ.

ನಮ್ಮಲ್ಲಿ ಮನುಷ್ಯರ ಮನೆಗೆ ಗಂಡೇ ಬೇಕು, ದನದ ಕೊಟ್ಟಿಗೆಯಲ್ಲಿ ಲೆಕ್ಕವೇ ಉಲ್ಟಾ. ಎಮ್ಮೆ ಹೆಣ್ಣುಗರು ಹಾಕಿದರೆ ಓಣಿಗೆಲ್ಲ ಗಿಣ್ಣ ಹಂಚುತ್ತಾರೆ, ಕೋಣಗರು ಹಾಕಿದರೆ ಯಜಮಾನನ ಮೋರೆ ಜೋಲು ಬೀಳುತ್ತದೆ. ಹೆಣ್ಣುಗರುವೇ ಹುಟ್ಟಲೆಂದು ಬೇರ್ಪಡಿಸಿದ ವೀರ್ಯದ ನಳಿಕೆಗಳನ್ನು ಸರ್ಕಾರವೇ ರಿಯಾಯಿತಿಯಲ್ಲಿ ಕೊಡುತ್ತದೆ, ನೂರಕ್ಕೆ 90ರಷ್ಟು ಗುರಿ ತಪ್ಪುವುದಿಲ್ಲ. ಹಾಲು ಕೊಡುವವಳ ಬೆಲೆ ಕೊಟ್ಟಿಗೆಯಲ್ಲಿ ತಿಳಿಯುತ್ತದೆ, ಪಡಸಾಲೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ.

ನಗುವ ಮಾತು ಇಲ್ಲಿಗೆ ನಿಲ್ಲುತ್ತದೆ. ಬೆಲ್ಲಕ್ಕೆ ಹೆಸರಾದ ಮಹಾಲಿಂಗಪುರ ನಮಗೆ ಕೂಗಳತೆಯ ಊರು. 2024ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ಅಲ್ಲಿಗೆ ಬಂದಿದ್ದ ಹೆಣ್ಣುಮಗಳೊಬ್ಬಳು, ಯಾರದೋ ಮನೆಯಲ್ಲಿ ನಡೆದ ಅಕ್ರಮ ಗರ್ಭಪಾತದ ನಂತರ ಸತ್ತಳು. ಅದರ ಹಿಂದಿನ ವರ್ಷವಷ್ಟೇ ಮಂಡ್ಯದ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಿತ್ತು. ಕಬ್ಬಿನ ಹಾಲು ಕುದಿಯುವ ಜಾಗದಲ್ಲಿ! ಬೋರ್ಡು ಯಾಕೆ ಅಷ್ಟು ದೊಡ್ಡದು ಎಂದು ಕೇಳುವವರಿಗೆ ಇವೆರಡು ಸುದ್ದಿ ಸಾಕು.

ಅವ್ವನ ಶಾಸ್ತ್ರ ಅರ್ಧಕ್ಕರ್ಧ ಸುಳ್ಳಾಗುತ್ತದೆ. ನನ್ನನ್ನು ಹೆಣ್ಣೆಂದು ನಂಬಿ ಮೊದಲೇ ಲಂಗ ಹೊಲಿಸಿಟ್ಟವಳು ಅವಳು. ಆ ಸುಳ್ಳಿನಿಂದ ಯಾವ ಕೂಸಿಗೂ ಕೇಡಾಗಲಿಲ್ಲ. ಅಜ್ಜಿಯ ಮಾತು ನಂಬಿ ಯಾರೂ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಗಡಿ ದಾಟಿಲ್ಲ. ಯಂತ್ರದ ಮಾತು ಹೆಚ್ಚುಕಡಿಮೆ ನಿಜವೇ ಆಗುತ್ತದೆ, ಭಯವಿರುವುದು ಅಲ್ಲೇ. ಆದ್ದರಿಂದ ಕಾಯ್ದೆ ಯಂತ್ರದ ಬಾಯಿ ಕಟ್ಟಿ ಅಜ್ಜಿಯ ಬಾಯನ್ನು ಬಿಟ್ಟಿರುವುದು ಸರಿಯಾಗಿಯೇ ಇದೆ.

ಈಗ ಮನೆಯಲ್ಲಿ ಕುಬಸದ ತಯಾರಿ. ಹಸಿರು ಸೀರೆ ಬಂದಿದೆ, ಹಸಿರು ಬಳೆಗೆ ಮುಧೋಳದ ಬಳೆಗಾರನಿಗೆ ಹೇಳಿಯಾಗಿದೆ. ಮುಧೋಳದ ಬಳೆಗಾರರೆಂದರೆ ಸಾಮಾನ್ಯರಲ್ಲ, ಕವಿ ರನ್ನ ಹುಟ್ಟಿದ್ದು ಆ ಊರಿನ ಬಳೆಗಾರರ ಮನೆಯಲ್ಲೇ. ಅವನಿಗೆ ಆಶ್ರಯ ಕೊಟ್ಟು ಅಜಿತಪುರಾಣ ಬರೆಸಿದವಳು ಅತ್ತಿಮಬ್ಬೆ. ರನ್ನ ತನ್ನ ಮಗಳಿಗೆ ಅವಳ ಹೆಸರನ್ನೇ ಇಟ್ಟನಂತೆ. ಹೆಣ್ಣಾದರೆ ಅದೇ ಇಡೋಣ ಎಂದೆ. “ಅಷ್ಟು ಉದ್ದ ಯಾರ್ ಕರೀತಾರಪಾ,” ಎಂದಳು ಅವ್ವ. ಹೆಣ್ಣು ಬ್ಯಾಡ ಅನ್ನಲಿಲ್ಲ.

ಕುಬಸಕ್ಕೆ ಎಲ್ಲರೂ ಬರ್ರಿ. ಹೊಟ್ಟೆ ನೋಡಿ ಗಂಡೆನ್ನಿರಿ, ಹೆಣ್ಣೆನ್ನಿರಿ, ನಮ್ಮವ್ವನ ಕೂಡ ಜಗಳಾಡಿ ಹೋಳಿಗೆ ಉಂಡು ಹೋಗಿರಿ. ಪರಿಚಯದ ಸ್ಕ್ಯಾನಿಂಗಿನವರು ಇದ್ದಾರೆ ಎಂದು ಕಿವಿಯಲ್ಲಿ ಊದುವವರು ಮಾತ್ರ ನಮ್ಮ ಮನೆಗೆ ಬರುವುದು ಬೇಡ.