ಹತ್ತು ನಿಮಿಷದ ಕಂಪ್ಯೂಟರು

ಮಣಿಪಾಲದಲ್ಲಿ ಓದುವ ಮಗ ಬಿಡಿಭಾಗ ತಂದು ಕಾಪುವಿನ ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದ. ಹತ್ತು ನಿಮಿಷ ಓಡಿ ಟಪ್ಪೆಂದು ಆಫ್! 1901ರಿಂದ ದೀಪಸ್ತಂಭ ಮಿನುಗುವ ಊರಲ್ಲಿ ಇದೆಂಥ ಅವಸ್ಥೆ? ನಾನು ಕರೆಂಟಿಗೆ ಬೈದೆ. ಅತ್ತೆ ದೃಷ್ಟಿ ತೆಗೆದರು. ಉಪ್ಪು, ಮೆಣಸು ಕೀಬೋರ್ಡಿಗೂ ಬಿತ್ತು. ಮಗ ಎಸ್‌ಎಂಪಿಎಸ್ ಬದಲಿಸಬೇಕೆಂದ, ಅಂದರೆ ನನ್ನ ಜೇಬಿಗೆ ಕತ್ತರಿ.

ಕಾರ್ಕಳದಿಂದ ಬಂದ ಭಾವ ಬಯೋಸ್ ತೆರೆದರು. ಪ್ರೊಸೆಸರ್ ಬಿಸಿ 100 ಡಿಗ್ರಿ ಹತ್ತಿರ! "ಕೆಟ್ಟದ್ದಲ್ಲ ಮಾರಾಯ, ಸುಟ್ಟುಹೋಗಬಾರದೆಂದು ತಾನೇ ಆಫಾಗುವುದು" ಎನ್ನುತ್ತಾ ಕೂಲರ್ ಬಿಚ್ಚಿದರೆ, ತಳದಲ್ಲಿ ಪ್ಲಾಸ್ಟಿಕ್ ಹಾಳೆ. ಅದರ ಮೇಲೇ ಕೆಂಪಕ್ಷರ: ಜೋಡಿಸುವ ಮೊದಲು ತೆಗೆಯಿರಿ. ಕಿತ್ತು, ಕಡಲೆಕಾಳಿನಷ್ಟು ಥರ್ಮಲ್ ಪೇಸ್ಟ್ ಇಟ್ಟದ್ದೇ 45ಕ್ಕಿಳಿಯಿತು.

ಅತ್ತೆ ಮಾತ್ರ ಇವತ್ತಿಗೂ ಮೆಣಸಿನ ಮಹಿಮೆ ಎನ್ನುತ್ತಾರೆ.